ನೇರಳೆ ಮರದ ಪದ

ಒಂದೂರಂತೆ. ಊರೆಂದ ಮೇಲೆ ಕೆರೆಯೊಂದು ಇರಲೇಬೇಕಲ್ಲ, ಕೆರೆಯೆಂದ ಮೇಲೆ ಏರಿ, ಏರಿಯ ಮೇಲೊಂದು ನೇರಳೆ ಮರ. ಆ ಮರದೊಳಗೆ ಒಬ್ಬಳು ಹುಡುಗಿ ಇದ್ದಳಂತೆ. ಅತ್ತಿಗೆಯರು ಅವಳ ಕೈಗೆ ಜರಡಿ ಕೊಟ್ಟು ಕೆರೆಯಿಂದ ನೀರು ತಾ ಎಂದು ಕಳಿಸಿದ್ದರಂತೆ. ಜರಡಿಯಲ್ಲಿ ನೀರು ನಿಲ್ಲದೆ, ಬರಿಗೈಯಲ್ಲಿ ಮನೆಗೆ ಹೋಗಲಾರದೆ, ಅವಳು ಮರವನ್ನು ತಬ್ಬಿಕೊಂಡು ನೀನಾದರೂ ಬಾಗಿಲು ತೆಗಿಯವ್ವಾ ಅಂದಳಂತೆ. ಮರ ತೆಗೆಯಿತಂತೆ, ಅವಳನ್ನು ಒಳಗೆ ಕರೆದುಕೊಂಡು ಮುಚ್ಚಿಕೊಂಡಿತಂತೆ. ಎಷ್ಟೋ ಕಾಲದ ಮೇಲೆ, ವ್ಯಾಪಾರಕ್ಕೆಂದು ದೇಶಾಂತರ ಹೋಗಿದ್ದ ಅಣ್ಣ ಎತ್ತುಗಳ ಮೇಲೆ ಮೂಟೆ ಹೇರಿಕೊಂಡು ಅದೇ ಏರಿಯ ಮೇಲೆ ಬಂದನಂತೆ, ನೆರಳು ಕಂಡು ನಿಂತನಂತೆ. ಆಗ ಮರದೊಳಗಿಂದ ಹುಡುಗಿ ಪದ ಹೇಳಬೇಕು. ಪದ ಕೇಳಿ ಅಣ್ಣ ದನಿಯ ಗುರುತು ಹಿಡಿಯಬೇಕು. ಆಮೇಲೆ ಮರ ಬಾಯಿ ಬಿಡಬೇಕು. ಹೋದ ತಿಂಗಳು ಅಜ್ಜಿಯ ಕಥೆ ನಿಂತುಹೋದದ್ದು ಅಲ್ಲಿ, ಅಣ್ಣ ನೆರಳಿಗೆ ಬಂದು ನಿಂತಲ್ಲಿ.

ಪಾಂಡವಪುರದ ಮನೆಯ ಜಗಲಿಯಲ್ಲಿ ಬೀದಿಯ ಮಕ್ಕಳನ್ನೆಲ್ಲ ಗುಡ್ಡೆಹಾಕಿಕೊಂಡು ಮಾದಮ್ಮ ಆ ಕಥೆ ಹೇಳುತ್ತಿದ್ದಾಗ ಮೊಮ್ಮಗಳು ರಂಜಿತ ಬಾಗಿಲ ಒಳಗೆ ಮೊರ ಮುಂದಿಟ್ಟುಕೊಂಡು ಅಕ್ಕಿ ಆರಿಸುತ್ತಿದ್ದಳು. ಕೈ ಅಕ್ಕಿಯಲ್ಲಿದ್ದರೂ ಕಿವಿ ಹೊರಗಿತ್ತು. ಇನ್ನೇನು ಪದ ಬರಬೇಕು. ಎಷ್ಟು ಸಲ ಕೇಳಿದ್ದರೂ ಆ ಜಾಗ ಬಂದಾಗ ಒಂದು ಮಾತೂ ತಪ್ಪಿಹೋಗಬಾರದೆಂದು ಅವಳು ಕೈ ನಿಲ್ಲಿಸಿದಳು. ಅಜ್ಜಿ ಬಾಯಿ ತೆರೆದಳು. ಬಂದದ್ದು ಬರೀ ಮಾತು. ದಾರೀಲಿ ಹೋಗೋನೆ, ನೀರಡಿಕೆ ಆದೋನೆ, ಎಂದು ಯಾರೋ ಬಸ್ಸಿನ ಬೋರ್ಡು ಓದಿದ ಹಾಗೆ. ಅಜ್ಜಿ ಗಂಟಲು ಸರಿಮಾಡಿಕೊಂಡು ಇನ್ನೊಮ್ಮೆ ಶುರುಮಾಡಿದಳು, ಮತ್ತೂ ಒಮ್ಮೆ. ಪದದ ಮಾತೆಲ್ಲ ಇತ್ತು, ಅದನ್ನು ಹೊತ್ತುಕೊಂಡು ಹೋಗುವ ಧಾಟಿ ಇರಲಿಲ್ಲ. ಮಕ್ಕಳಲ್ಲೊಬ್ಬಳು ಆಮೇಕೇನಾಯ್ತಜ್ಜಿ ಎಂದು ಕೇಳಿದಳು.

“ಏನಾದಾತು? ಅಣ್ಣ ನೀರು ಕುಡ್ಕಂಡು ಹೊಂಟೋದ. ಅವ್ಳು ಅಲ್ಲೇ ಅವ್ಳೆ. ಹೋಗ್ರವ್ವ, ಉಣ್ಣೋಗ್ರಿ,” ಅಂದಳು ಅಜ್ಜಿ.

ಮಕ್ಕಳು ಎದ್ದು ಹೋದವು. ಅಜ್ಜಿ ಎಲೆಯಡಿಕೆ ಚೀಲದ ದಾರವನ್ನು ಎಳೆಯುತ್ತ ಬಿಡುತ್ತ ಒಬ್ಬಳೇ ಕೂತಿದ್ದನ್ನು ನೋಡಲಾರದೆ ರಂಜಿತಳ ಬಾಯಿಂದ ಆ ಮಾತು ಬಿದ್ದುಹೋಯಿತು. ನಾನು ನುಡಿಸಿಕೊಡ್ತೀನಿ ಬುಡಜ್ಜಿ, ಆ ಪದ ನನ್ನ ಕಿವಿಯಲ್ಲೇ ಅದೆ, ನೀನು ಚಿಕ್ಕಪ್ಪನ ಮನೆಗೆ ಹೋಗೋದ್ರೊಳಗೆ ನಾನು ಕಲೀತಿರೋ ಬುಲ್‌ಬುಲ್ ತರಂಗಿನ ಪೆಟ್ಟಿಗೇಲಿ ನುಡಿಸಿ ಕೇಳಿಸ್ತೀನಿ ಎಂದುಬಿಟ್ಟಳು. ಅಜ್ಜಿ ಚೀಲವನ್ನು ಕೆಳಗಿಟ್ಟು, “ಮಾತು ಕೊಟ್ಟೆ ನೋಡು,” ಅಂದಳು. ಕೊಟ್ಟ ಮಾತಿಗೆ ತಪ್ಪಿದವರು ಅಜ್ಜಿಯ ಕಥೆಗಳಲ್ಲಿ ಕಲ್ಲಾಗುತ್ತಿದ್ದರು, ಇಲ್ಲವೇ ಬಾವಿಯ ಕಪ್ಪೆಯಾಗುತ್ತಿದ್ದರು. ಡಿಗ್ರಿ ಮುಗಿಸಿ ಸೀನಿಯರ್ ಟೈಪಿಂಗಿಗೆ ಹೋಗುತ್ತಿದ್ದ ಹುಡುಗಿ ಕಪ್ಪೆಯಾಗಲು ಹೆದರುವುದಿಲ್ಲ. ಆದರೆ ಮರದೊಳಗೆ ಉಳಿದುಹೋದವಳೊಬ್ಬಳು ಇದ್ದಾಳಲ್ಲ ಎಂಬುದು ಅನ್ನ ಕಲಸುವಾಗ, ತಲೆ ಬಾಚುವಾಗ, ಬಸ್‌ಸ್ಟಾಂಡಿನ ಹೊಂಗೆಮರದ ಕೆಳಗೆ ನಿಂತಾಗ ಅವಳಿಗೆ ನೆನಪಾಗುತ್ತಿತ್ತು, ಒಲೆಯ ಮೇಲೆ ಹಾಲಿಟ್ಟು ಬಂದವಳಿಗೆ ನೆನಪಾಗುವ ಹಾಗೆ. ಅಜ್ಜಿ ಅರ್ಧ ವರ್ಷ ಇಲ್ಲಿ ಹಿರಿಮಗ ನಾಗರಾಜುವಿನ ಮನೆಯಲ್ಲಿ, ಇನ್ನರ್ಧ ವರ್ಷ ಆದಿಚುಂಚನಗಿರಿಯಲ್ಲಿ ಕಿರಿಮಗ ತಮ್ಮಯ್ಯನ ಮನೆಯಲ್ಲಿ ಇರುತ್ತಿದ್ದಳು. ನಾಳೆ ಬೆಳಿಗ್ಗೆ ಚಿಕ್ಕಪ್ಪ ಬರುತ್ತಾನೆ. ಉಳಿದದ್ದು ಈ ಒಂದು ದಿನ. ಇನ್ನರ್ಧ ವರ್ಷ ಕಳೆದು ಅಜ್ಜಿ ತಿರುಗಿ ಬರುವಾಗ ಈಗಿರುವ ಮಾತೂ ಉಳಿದಿರುತ್ತದೋ ಇಲ್ಲವೋ. ಮೊನ್ನೆ ಅವಳು ಪಕ್ಕದ ಮನೆಯ ಪಾರ್ವತಮ್ಮನ ಹೆಸರು ಹುಡುಕುತ್ತ ಎಷ್ಟೋ ಹೊತ್ತು ಸುಮ್ಮನೆ ನಿಂತಿದ್ದಳು.

ಇವತ್ತು ಟೈಪಿಂಗ್ ಮೇಷ್ಟ್ರ ಮುಂದೆ ಕೂತು ಬೆಳಗಿನ ಅಭ್ಯಾಸದ ಅರ್ಜಿ ಟೈಪು ಮಾಡುತ್ತಿರುವಾಗ ರಂಜಿತಳ ತಲೆಯಲ್ಲಿ ಇದೇ ಓಡುತ್ತಿತ್ತು. ಬಟ್ಟೆಯಂಗಡಿಯ ಮಹಡಿಯ ಮೇಲಿನ ಆ ಟೈಪಿಂಗ್ ಶಾಲೆಯಲ್ಲಿ ಸಾಲಾಗಿ ಕೂತವರೆಲ್ಲ ಒಟ್ಟಿಗೆ ಬಡಿಯತೊಡಗಿದರೆ ಕೆಳಗಿನ ಅಂಗಡಿಯವನು ಗಿರಾಕಿಗಳ ಹತ್ತಿರ ಕೂಗಿ ಮಾತಾಡಬೇಕಾಗುತ್ತಿತ್ತು. ಮರಿಸ್ವಾಮಿ ಮೇಷ್ಟ್ರು ಮರದ ಸ್ಕೇಲಿನಿಂದ ಮೇಜು ತಟ್ಟುತ್ತ ಒಂದೇ ಸಮ, ಒಂದೇ ಸಮ ಅನ್ನುತ್ತಿದ್ದರು. ಎಲ್ಲ ಬೆರಳಿಗೂ ಒಂದೇ ಬಲ, ಎಲ್ಲ ಅಕ್ಷರಕ್ಕೂ ಒಂದೇ ಹೊತ್ತು; ಕಿರುಬೆರಳು ಬಡವನ ಮಗ ಅಂತ ಬಿಡಬಾರದು, ತೋರುಬೆರಳು ಶ್ರೀಮಂತರ ಮಗ ಅಂತ ಮೆರೆಸಬಾರದು. ಅದನ್ನು ರಂಜಿತ ಎಷ್ಟು ಚೆನ್ನಾಗಿ ಕಲಿತಿದ್ದಳೆಂದರೆ, ಹೊಸಬರು ಸೇರಿದಾಗ ಮೇಷ್ಟ್ರು ಅವರನ್ನು ಅವಳ ಹಿಂದೆ ನಿಲ್ಲಿಸಿ, ಕಣ್ಣು ಮುಚ್ಚಿಕೊಂಡು ಕೇಳಿ, ಗಡಿಯಾರ ಇದ್ದ ಹಾಗಿಲ್ಲವೇ ಅನ್ನುತ್ತಿದ್ದರು. ಆಗ ಕುತ್ತಿಗೆಯ ಹಿಂದೆ ಬಿಸಿಯೇರುವಷ್ಟು ಅವಳಿಗೆ ಹೆಮ್ಮೆಯಾಗುತ್ತಿತ್ತು. ಇವತ್ತು ಹಾಳೆ ತೆಗೆದು ಬೆಳಕಿಗೆ ಹಿಡಿದ ಮೇಷ್ಟ್ರು ಹುಬ್ಬು ಗಂಟಿಕ್ಕಿದರು. ಕೆಲವು ಅಕ್ಷರ ಹಾಳೆಯನ್ನು ತೂತು ಮಾಡುವಷ್ಟು ಕಪ್ಪಗೆ, ಕೆಲವು ಇದ್ದೂ ಇಲ್ಲದ ಹಾಗೆ. “ಏನಮ್ಮ ರಂಜಿತ, ಗಡಿಯಾರ ಅಂತಿದ್ದೆ ನಿನ್ನ. ಇವತ್ತು ಎತ್ತಿನ ಗಾಡಿ ಆಗಿದೀಯಲ್ಲ.” ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅವಳು ತಲೆ ತಗ್ಗಿಸಿದಳು. ಮಡಿಸಿ ಕೈಗೆ ಕೊಟ್ಟ ಹಾಳೆಯನ್ನು ಎಲ್ಲಿಡಬೇಕೆಂದು ತಿಳಿಯದೆ, ಕೊನೆಗೆ ಅದರ ಮೇಲೇ ಕೂತಳು.

ಟೈಪಿಂಗ್ ಕಲಿಯದಿದ್ದರೆ ಅವಳು ಬುಲ್‌ಬುಲ್ ತರಂಗಿನ ಮುಂದೆ ಕೂರುತ್ತಲೇ ಇರಲಿಲ್ಲ. ಅಜ್ಜಿಗೆ ಮಾತು ಕೊಡುವುದಕ್ಕೂ ಮುಂಚೆ ಒಂದು ದಿನ ಅವ್ವನ ಸೀರೆಗೆ ಫಾಲ್ ಹಾಕಿಸಲು ಅಜ್ಮತ್ ಉಲ್ಲಾನ ರೇಡಿಯೋ ರಿಪೇರಿ ಅಂಗಡಿಗೆ ಹೋಗಿದ್ದಳು. ಅಂಗಡಿಯ ಹಿಂದಿನ ಕೋಣೆಯಲ್ಲಿ ಅವನ ಹೆಂಡತಿ ನೂರ್ ಫಾತಿಮಾ ಹೊಲಿಗೆ ಮಿಷನ್ನು ಇಟ್ಟುಕೊಂಡಿದ್ದಳು. ಅಂಗಡಿಯಲ್ಲಿ ಹೊಟ್ಟೆ ಬಿಚ್ಚಿದ ರೇಡಿಯೋಗಳ ನಡುವೆ ಒಂದು ಮಾತ್ರ ವಾರ್ತೆ ಓದುತ್ತಿತ್ತು. ಅದರ ಕೆಳಗಿನಿಂದ, ಪರದೆಯ ಆಚೆಯಿಂದ, ಗೆಜ್ಜೆಗೂ ಜೀರುಂಡೆಗೂ ಹುಟ್ಟಿದ ಹಾಗಿದ್ದ ಒಂದು ನಾದ ಹರಿದು ಬರುತ್ತಿತ್ತು. ಪರದೆ ಸರಿಸಿದಳು. ನೂರ್ ಫಾತಿಮಾ ನೆಲದ ಮೇಲೆ ಕೂತು, ಮೊಣಕೈಯುದ್ದದ ಮರದ ಪೆಟ್ಟಿಗೆಯೊಂದನ್ನು ಮುಂದಿಟ್ಟುಕೊಂಡು, ಎಡಗೈಯಲ್ಲಿ ಅದರ ಮೇಲಿನ ಗುಂಡಿಗಳನ್ನು ಒತ್ತುತ್ತ, ಬಲಗೈಯಲ್ಲಿ ಮುರಿದ ಬಾಚಣಿಗೆಯ ಚೂರಿನಿಂದ ತಂತಿಗಳನ್ನು ಮೀಟುತ್ತಿದ್ದಳು. ಒಲೆಯ ಮೇಲೆ ಕುಕ್ಕರಿತ್ತು. ಅದು ಕೂಗಿದಾಗ ನಿಲ್ಲಿಸಿ, ಕೂಗು ಮುಗಿದ ಮೇಲೆ ಬಿಟ್ಟಲ್ಲಿಂದ ಹಿಡಿದುಕೊಂಡಳು. ಸಂಗೀತವೆಂದರೆ ಸ್ಟೇಜು, ಮೈಕು, ಜರಿಸೀರೆ ಉಟ್ಟವರು ಎಂದುಕೊಂಡಿದ್ದ ರಂಜಿತಳಿಗೆ ಅನ್ನ ಬೇಯುವ ಹೊತ್ತಿನಲ್ಲೂ ಅದು ಇರಬಹುದು ಎನ್ನುವುದು ಅವತ್ತೇ ತಿಳಿದದ್ದು. ಕಣ್ಣು ಮಾತ್ರ ಗುಂಡಿಗಳ ಸಾಲಿನ ಮೇಲಿತ್ತು. ಅಯ್ಯೋ, ಇದು ಟೈಪಿಂಗ್ ಮಿಷನ್ನಲ್ಲವೇ, ಅಂದಳು. ಬೆರಳುಗಳು ಆಗಲೇ ಗಾಳಿಯಲ್ಲಿ ಆಡುತ್ತಿದ್ದವು. ನೂರ್ ಫಾತಿಮಾ ನಕ್ಕು ಪೆಟ್ಟಿಗೆಯನ್ನು ಅವಳ ಕಡೆ ತಿರುಗಿಸಿದಳು.

ಆಮೇಲಿನ ದಿನಗಳಲ್ಲಿ ಊರೇ ಬೇರೆಯಾಗಿತ್ತು. ಟೈಪಿಂಗ್ ಮುಗಿಸಿ ರಿಪೇರಿ ಅಂಗಡಿಗೆ ಹೋಗಿ ಗುಂಡಿಗಳ ಮೇಲೆ ಬೆರಳಾಡಿಸಿ ಮನೆಗೆ ನಡೆದು ಬರುವಾಗ, ಕಬ್ಬಿನ ಗಾಡಿಯ ಚಕ್ರದ ಕಿರುಗುಟ್ಟುವ ಸದ್ದು ಯಾವ ಗುಂಡಿ, ಸೋಡಾ ಬಾಟಲಿಯ ಗೋಲಿ ಯಾವ ಗುಂಡಿ ಎಂದು ಹುಡುಕುತ್ತ ಬರುತ್ತಿದ್ದಳು. ಸಕ್ಕರೆ ಕಾರ್ಖಾನೆಯ ಸೈರನ್ನು ಎರಡು ಗುಂಡಿಗಳ ನಡುವೆ ಎಲ್ಲೋ ಇತ್ತು. ಎಷ್ಟು ಹುಡುಕಿದರೂ ಅದಕ್ಕೆ ಗುಂಡಿಯಿಲ್ಲವೆಂದು ಗೊತ್ತಾದಾಗ, ಎಲ್ಲರೂ ಊಟದ ಹೊತ್ತು, ಪಾಳಿಯ ಹೊತ್ತು ಎಂದು ಕೇಳುವ ಆ ಕೂಗಿಗೆ ಮನೆಯೇ ಇಲ್ಲವಲ್ಲ ಅನ್ನಿಸಿ ಅವಳಿಗೆ ಮರುಕವಾಗಿತ್ತು. ಇಂಥದ್ದನ್ನೆಲ್ಲ ಅಜ್ಜಿಗೆ ಹೇಳಬಹುದಿತ್ತು. ಹೇಳಿಯೂ ಇದ್ದಳು. ಅಜ್ಜಿ, ಸೈರನ್ನಿಗೆ ಗಂಡು ನೋಡವ್ವ ಹಾಗಾದರೆ, ಅಂದಿದ್ದಳು.

ಆದರೆ ಅಜ್ಜಿಯ ಪದವನ್ನು ನುಡಿಸಲು ಕೂತಾಗ ಏನೋ ತಪ್ಪಿಹೋಗುತ್ತಿತ್ತು. ಗುಂಡಿಗಳೆಲ್ಲ ಸಿಕ್ಕಿದ್ದವು, ಕಿವಿಯಲ್ಲಿದ್ದುದಕ್ಕೂ ಪೆಟ್ಟಿಗೆಯಿಂದ ಬಂದುದಕ್ಕೂ ಒಂದೂ ಹೆಚ್ಚುಕಮ್ಮಿಯಿಲ್ಲ. ಆದರೂ ಅದು ಆ ಪದವಲ್ಲ. ನೂರ್ ಫಾತಿಮಾ ಕೇಳಿ ಕೇಳಿ ಒಂದು ದಿನ ಸೂಜಿಗೆ ದಾರ ಪೋಣಿಸುತ್ತಲೇ, “ಅರೆ, ಯಾರ್ಗಮ್ಮ ಕಾಗ್ದ ಹೊಡೀತಾ ಇದೀಯ? ತಾಸೀಲ್ದಾರ್ರಿಗಾ?” ಅಂದಿದ್ದಳು. ಅವಳ ಎಡಗೈ ಗುಂಡಿಯನ್ನು ಒತ್ತುತ್ತಿರಲಿಲ್ಲ, ಬಡಿಯುತ್ತಿತ್ತು. ಬಲಗೈ ಪ್ರತಿ ಗುಂಡಿಗೂ ಒಂದು ಮೀಟು, ಒಂದೇ ಬಲ, ಒಂದೇ ಹೊತ್ತು. ಪದದಲ್ಲಿ ಉಸಿರು ನಿಲ್ಲಬೇಕಾದ ಕಡೆಯೂ ಆ ಬಲಗೈಗೆ ಸುಮ್ಮನಿರಲು ಬರುತ್ತಿರಲಿಲ್ಲ. ಯಾವುದನ್ನು ತನ್ನ ಜಾಣತನವೆಂದುಕೊಂಡಿದ್ದಳೋ ಅದೇ ಅಡ್ಡ ಬಂದು ನಿಂತಿತ್ತು. ಅಷ್ಟರಲ್ಲಿ ಅಜ್ಜಿ, ಮೊಮ್ಮಗಳು ಪದ ನುಡಿಸುತ್ತಾಳೆಂದು ಬೀದಿಗೆಲ್ಲ ಹೇಳಿಯಾಗಿತ್ತು. ನೂರ್ ಫಾತಿಮಾ ಪೆಟ್ಟಿಗೆಯನ್ನು ಹಳೆಯ ದುಪಟ್ಟಾದಲ್ಲಿ ಸುತ್ತಿ, ಮನೆಯಲ್ಲೇ ಇಟ್ಟುಕೊಂಡು ಕಲಿ ಎಂದು ಕೊಟ್ಟ ದಿನ ಅಜ್ಜಿ ಕಾಲು ಚಾಚಿ, ಸೆರಗು ಹೊದ್ದು, ಕೇಳಲು ತಯಾರಾಗಿ ಕೂತಳು. ರಂಜಿತ ಅದನ್ನು ಬಿಚ್ಚದೆಯೇ ತಂತಿ ಕಿತ್ತುಹೋಗಿದೆ ಅಂದಳು.

ಆ ಸುಳ್ಳು ಅಲ್ಲಿಗೆ ನಿಂತಿದ್ದರೆ ಆಗುತ್ತಿತ್ತು. ಅಜ್ಜಿ ಸಂಜೆಯಾದರೆ ತಂತಿ ಬಂತಾ ಎಂದು ಕೇಳುವಳು. ರಂಜಿತ ಮೈಸೂರಿಂದ ಬರಬೇಕು ಅನ್ನುವಳು. ಮೈಸೂರೇನು ಲಂಡನ್ನಾ ಎಂದು ಅವ್ವ ಯಶೋದಮ್ಮ ಅಡಿಗೆಮನೆಯಿಂದ ಕೇಳುವಳು. ಮೊನ್ನೆ ಅಪ್ಪ ಕಾರ್ಖಾನೆಯ ಪಾಳಿ ಮುಗಿಸಿ ಬಂದವನು ಕೈಕಾಲು ತೊಳೆಯುವ ಮೊದಲೇ ಟಿಫನ್ ಚೀಲದಿಂದ ಒಂದು ಸುರುಳಿ ತೆಗೆದ. ದಾರಿಯಲ್ಲಿ ಸೈಕಲ್ ಅಂಗಡಿಯಲ್ಲಿ ಕೇಳಿ ತಂದ ಬ್ರೇಕ್ ವೈರು. “ತಗೊ ಮಗ. ಒಳಗಿನ್ ಎಳೆ ಬುಡ್ಸುದ್ರೆ ನಿನ್ ಪೆಟ್ಗೆಗೆ ಆಯ್ತದೆ,” ಎಂದು, ಬೆಳಗಿನಿಂದ ಬಾಯ್ಲರಿನ ಮುಂದೆ ನಿಂತು ಕೆಂಪೇರಿದ್ದ ಕಣ್ಣನ್ನು ಇನ್ನಷ್ಟು ಕಿರಿದು ಮಾಡಿ, ಕತ್ತಿಯ ತುದಿಯಿಂದ ಎಳೆ ಬಿಡಿಸುತ್ತ ಜಗಲಿಯಲ್ಲಿ ಕೂತ. ಬಿಡಿಸಿದ ಎಳೆಯನ್ನು ಬೆಳಕಿಗೆ ಹಿಡಿದು, ಬೆರಳಿನಿಂದ ಟಣ್ ಎನ್ನಿಸಿ, ಅಜ್ಜಿಯ ಕಡೆ ನೋಡಿ ತಲೆಯಾಡಿಸಿದ. ಅಜ್ಜಿಯೂ ಆಡಿಸಿದಳು. ತಾಯಿಮಗ ಇಬ್ಬರೂ ಕಿತ್ತಿಲ್ಲದ ತಂತಿಗಾಗಿ ಹಾಗೆ ಕೂತಿರುವುದನ್ನು ಬಾಗಿಲಲ್ಲಿ ನಿಂತು ನೋಡಿದ ರಂಜಿತಳಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ವೈರನ್ನು ಹಾಸಿಗೆಯ ಕೆಳಗೆ ತಳ್ಳಿ, ಅಳತೆ ಸರಿಯಿಲ್ಲ ಅಂದಳು. ಅಪ್ಪ, ಹಂಗಾ, ಎಂದು ಎದ್ದು ಕೈಕಾಲು ತೊಳೆಯಲು ಹೋದ. ಒಂದು ಬಯ್ಗುಳವಾದರೂ ಬಂದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ಟೈಪಿಂಗ್ ಮುಗಿಸಿ ಇವತ್ತೂ ಅವಳು ರಿಪೇರಿ ಅಂಗಡಿಗೇ ಹೋದಳು. ಯಾಕೆ ಹೋದೆನೆಂದು ಅವಳಿಗೇ ತಿಳಿಯದು. ಪೆಟ್ಟಿಗೆಯನ್ನು ತಿರುಗಿ ಕೊಟ್ಟುಬಿಟ್ಟರೆ, ನುಡಿಸಲು ಪೆಟ್ಟಿಗೆಯೇ ಇಲ್ಲವೆಂದು ಅಜ್ಜಿಗೆ ಹೇಳಬಹುದು ಎಂಬುದು ಒಂದು ಯೋಚನೆ. ಆ ಯೋಚನೆ ಬಂದದ್ದಕ್ಕೇ ನಾಚಿಕೆಪಟ್ಟುಕೊಂಡು ಸೀರೆಗಳ ರಾಶಿಯ ಪಕ್ಕ ಕೂತಳು. ನೂರ್ ಫಾತಿಮಾ ಮಿಷನ್ನಿನ ಪೆಡಲು ತುಳಿಯುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ತನ್ನ ಅಬ್ಬಾ ಶ್ರೀರಂಗಪಟ್ಟಣದ ಬ್ಯಾಂಡ್‌ಸೆಟ್ಟಿನಲ್ಲಿದ್ದಾಗ ತನಗೂ ಹೀಗೇ ಆಗಿತ್ತೆಂದು, ಮನೆಯವರ ಮುಂದೆ ನುಡಿಸುವಷ್ಟು ಕಷ್ಟ ಯಾವ ಮದುವೆಯಲ್ಲೂ ಇಲ್ಲವೆಂದು ಹೇಳಿದಳು. ನಿಮ್ಮಜ್ಜಿಯ ಪದ ನನಗೆಲ್ಲಿ ಗೊತ್ತು, ಅದರ ನಡೆ ನಾನು ಹೇಳಿಕೊಡಲಾರೆ ಅಂದಳು. ಮಿಷನ್ನು ನಿಲ್ಲಿಸಿ, ಹಲ್ಲಿನಿಂದ ದಾರ ಕಡಿದಳು.

“ನೋಡು ರಂಜಿತ, ನೀನು ಕೈ ಕಟ್ಕೊಂಡು ನುಡ್ಸ್‌ತಾ ಇದೀಯ. ಝೂಟ್ ಹೇಳಿದ್ದು ಒಂದು ಗಂಟು, ಪರೀಕ್ಷೆ ಅಂದ್ಕೊಂಡಿದ್ದು ಒಂದು ಗಂಟು. ಮೊದ್ಲು ಹೋಗಿ ತಂತಿ ಕಿತ್ತಿಲ್ಲ ಅಂತ ಹೇಳು.”

“ಅಜ್ಜಿ ಬೇಜಾರು ಮಾಡ್ಕೊಂಡ್ರೆ ಫಾತಿಮಾಕ್ಕ?”

“ಮಾಡ್ಕೊಳ್ಲಿ ಬಿಡು. ಮಾಡ್ಕೊಂಡು ಬಯ್ದು ಆಮೇಲೆ ಕೇಳ್ತಾರೆ. ಕಿವಿ ಎಲ್ಲಿಗೆ ಹೋಗ್ತದೆ?”

ಮನೆಗೆ ಬಂದಾಗ ಬಿಸಿಲು ಜಗಲಿಯಿಂದ ಇಳಿದು ಬೀದಿಯ ಅರ್ಧಕ್ಕೆ ಹೋಗಿತ್ತು. ಅಜ್ಜಿ ನಡುಮನೆಯಲ್ಲಿ ತನ್ನ ಗಂಟು ಕಟ್ಟುತ್ತಿದ್ದಳು: ಎರಡು ಸೀರೆ, ಒಂದು ರಗ್ಗು, ಎಣ್ಣೆಯ ಸೀಸೆ, ಆದಿಚುಂಚನಗಿರಿಯ ಮೊಮ್ಮಕ್ಕಳಿಗೆಂದು ಅವ್ವ ಮಾಡಿಕೊಟ್ಟಿದ್ದ ಚಕ್ಕುಲಿಯ ಡಬ್ಬ. ಗಂಟಿನ ತುದಿಗಳನ್ನು ಎಳೆದಳು, ಬಿಚ್ಚಿದಳು, ಮತ್ತೆ ಕಟ್ಟಿದಳು. ಹೋಗುವವರು ಕಟ್ಟುವ ಹಾಗಿರಲಿಲ್ಲ ಅದು, ಯಾರದೋ ದಾರಿ ಕಾಯುವವರು ಕೈಗೆ ಕೆಲಸ ಕೊಟ್ಟ ಹಾಗಿತ್ತು. ರಂಜಿತ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಕೈಚೀಲವನ್ನೂ ಕೆಳಗಿಡದೆ, ನಿಂತ ನಿಲುವಿನಲ್ಲೇ ಹೇಳಿಬಿಟ್ಟಳು. ಕೂತರೆ ಹೇಳಲಾರೆನೆಂದು ಅವಳಿಗೆ ಗೊತ್ತಿತ್ತು.

“ಅಜ್ಜಿ, ತಂತಿ ಕಿತ್ತಿಲ್ಲ. ಯಾವತ್ತೂ ಕಿತ್ತಿರ್ಲಿಲ್ಲ.”

ಅಜ್ಜಿ ಗಂಟಿನಿಂದ ತಲೆಯೆತ್ತಲಿಲ್ಲ. “ಗೊತ್ತು ಕಣ್ ಬುಡು. ನೀನು ಟೈಪಿಂಗ್‌ಗೆ ಹೋದಾಗ ನಾನೇ ಬಿಚ್ಚಿ ಮೀಟಿ ನೋಡಿವ್ನಿ. ಎಲ್ಲ ತಂತೀನೂ ಗಟ್ಟಿಯಾಗೇ ಅವೆ.”

ಅಡಿಗೆಮನೆಯಲ್ಲಿ ಅವ್ವ ಫಕ್ಕನೆ ನಕ್ಕಳು. ನಗು ತಡೆಯಲು ಹೋಗಿ ಕೆಮ್ಮಿದಳು. ಹಾಗಾದರೆ ಅವ್ವನಿಗೂ ಗೊತ್ತಿತ್ತು. ಗೊತ್ತಿದ್ದೂ ಅಜ್ಜಿ ದಿನಾ ತಂತಿ ಬಂತಾ ಎಂದು ಕೇಳುತ್ತಿದ್ದಳು. ಅದು ಚುಚ್ಚುವುದಕ್ಕೋ, ತಪ್ಪಿಸಿಕೊಳ್ಳಲು ಒಂದು ಕಿಂಡಿ ಬಿಡುವುದಕ್ಕೋ? ಅಪ್ಪನಿಗೆ ಗೊತ್ತಿರಲಿಲ್ಲವೆಂದು ಕಾಣುತ್ತದೆ. ಜಗಲಿಯ ಕಂಬಕ್ಕೊರಗಿ ಬೀಡಿ ಸೇದುತ್ತಿದ್ದ ಅಪ್ಪ ಕತ್ತು ತಿರುಗಿಸಿ ಒಳಗೆ ನೋಡಿ, “ಮತ್ತೆ ನಾನ್ಯಾಕ್ಲಾ ಬ್ರೇಕ್ ವೈರು ಕುಯ್ಕಂಡು ಕೂತಿದ್ದೆ,” ಎಂದು ತನ್ನನ್ನು ತಾನೇ ಕೇಳಿಕೊಂಡ. ರಂಜಿತ ಕೈಚೀಲ ಕೆಳಗಿಟ್ಟಳು. ಇಷ್ಟು ದಿನ ಪಕ್ಕೆಲುಬುಗಳ ನಡುವೆ ಹೊತ್ತು ತಿರುಗುತ್ತಿದ್ದ ಸುಳ್ಳು, ಅಜ್ಜಿಯೂ ಅವ್ವನೂ ಮೊದಲೇ ನೋಡಿಯಾಗಿದ್ದ ಒಂದು ಸಾಮಾನು. ಮೈಯೆಲ್ಲ ಒಂದೇ ಸಲಕ್ಕೆ ಖಾಲಿಯಾದ ಹಾಗಾಗಿ, ಹಸಿವಾದ ಹಾಗೂ ಆಯಿತು.

ದುಪಟ್ಟಾ ಬಿಚ್ಚಿ ಪೆಟ್ಟಿಗೆಯನ್ನು ಚಾಪೆಯ ಮೇಲಿಟ್ಟಳು. ಅಜ್ಜಿ ಗಂಟನ್ನು ಬದಿಗೆ ತಳ್ಳಿ, ಗೋಡೆಗೊರಗಿ ಕೂತಳು. ರಂಜಿತ ನುಡಿಸಿದಳು. ಕೈ ಮೊದಲಿನಷ್ಟು ಗಟ್ಟಿಯಾಗಿರಲಿಲ್ಲ, ಬೆರಳು ಗುಂಡಿ ತಪ್ಪಲೂ ಇಲ್ಲ, ಮೊದಲಿಂದ ಕೊನೆಯವರೆಗೆ ಒಂದು ಸುತ್ತು ಮುಗಿಯಿತು. ಇದೂ ಆ ಪದವಲ್ಲವೆಂದು ಮುಗಿಯುವ ಮೊದಲೇ ಅವಳಿಗೆ ಗೊತ್ತಾಗಿತ್ತು. ಅಜ್ಜಿ, ಚೆನ್ನಾಗದೆ ಕಣವ್ವ, ಅಂದಳು. ಮನೆಗೆ ಬಂದ ನೆಂಟರು, ತಮಗೆ ಕೊಟ್ಟ ಕಾಫಿಯನ್ನು ಚೆನ್ನಾಗದೆ ಅನ್ನುವಾಗಿನ ದನಿ. ಮನೆಯವರಿಗೆ ಅಜ್ಜಿ ಎಂದೂ ಚೆನ್ನಾಗದೆ ಅಂದವಳಲ್ಲ. ಉಪ್ಪು ಕಮ್ಮಿ ಅನ್ನುವಳು, ಇಲ್ಲ ಇನ್ನೊಂದು ಹಾಕು ಅನ್ನುವಳು. ರಂಜಿತಳ ಕಣ್ಣು ಉರಿಯಿತು. ಆದರೆ ಸುಳ್ಳು ಮುಗಿದುಹೋಗಿತ್ತಲ್ಲ, ಇನ್ನೊಂದು ಹೇಳುವ ಶಕ್ತಿ ಅವಳಿಗಿರಲಿಲ್ಲ. “ಚೆನ್ನಾಗಿಲ್ಲ ಅಜ್ಜಿ. ಎಲ್ಲ ಅದೆ, ಆದ್ರೆ ಪದ ಇಲ್ಲ,” ಅಂದಳು.

“ಊಂ,” ಅಂದಳು ಅಜ್ಜಿ, ಈಗ ಮನೆಯ ದನಿಯಲ್ಲಿ. “ಸೂರಿಂದ ಹನಿ ಬಿದ್ದಂಗೆ ಬೀಳ್ತಾ ಅದೆ. ಚೊಟ್ಟು, ಚೊಟ್ಟು, ಚೊಟ್ಟು. ನಂಗೂ ಅಂಗೇ ಆಗ್ಯದೆ. ಮಾತವೆ, ಬಾಯಿಗೆ ಬಂದು ಒಣಹಿಟ್ಟಿನಂಗೆ ಕೂತ್ಕತವೆ. ಇನ್ನೊಂದ್ಸಲ ನುಡ್ಸು ನೋಡವ.”

ಇನ್ನೊಂದು ಸಲ ನುಡಿಸಿದಳು. ಈ ಸಲ ಗುಂಡಿಗಳನ್ನು ನೋಡಬೇಕಾಗಿರಲಿಲ್ಲ, ಅಜ್ಜಿಯನ್ನು ನೋಡಿದಳು. ಅಜ್ಜಿಯ ಕಣ್ಣು ಅರ್ಧ ಮುಚ್ಚಿತ್ತು. ತುಟಿ ಅಲ್ಲಾಡುತ್ತಿರಲಿಲ್ಲ. ಆದರೆ ಚಾಪೆಯ ಮೇಲಿದ್ದ ಬಲಗೈ ಮುಷ್ಟಿಯಾಗಿ, ಏನನ್ನೋ ಹಿಡಿದುಕೊಂಡ ಹಾಗೆ, ನಿಧಾನವಾಗಿ ಸುತ್ತುತ್ತಿತ್ತು. ಅಜ್ಜಿಗೆ ಅದು ಗೊತ್ತಿತ್ತೋ ಇಲ್ಲವೋ. ಆಚೆಗೆ ಹೋಗುವಾಗ ತೋಳಿನ ನರ ಬಿಗಿಯುತ್ತಿತ್ತು, ಈಚೆಗೆ ಬರುವಾಗ ಸಡಿಲವಾಗುತ್ತಿತ್ತು. ರಂಜಿತ ನುಡಿಸುವುದನ್ನು ನಿಲ್ಲಿಸಿದಳು. ಅಜ್ಜಿಯ ಕೈ ನಿಲ್ಲಲಿಲ್ಲ. ರಂಜಿತಳಿಗೆ ನೆನಪಾಯಿತು: ಚಿಕ್ಕವಳಿದ್ದಾಗ ಎಲ್ಲರೂ ಒಟ್ಟಿಗಿದ್ದ ಹೊಸಹೊಳಲಿನ ಮನೆಯ ಹಿತ್ತಿಲ ಬಾಗಿಲು, ಬೆಳಗಿನ ಜಾವದ ಬೂದು ಬೆಳಕು, ರಾಗಿಯ ಹಿಟ್ಟಿನ ಬೆಚ್ಚನೆಯ ವಾಸನೆ. ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ ಹುಡುಗಿಗೆ ಪದ ಕಿವಿಯಿಂದ ಬರುತ್ತಿರಲಿಲ್ಲ, ತೊಡೆಯಿಂದ ಬರುತ್ತಿತ್ತು. ತೊಡೆ ಒಂದು ಸಲ ಬಿಗಿಯಾಗುವುದು, ಒಂದು ಸಲ ಮೆತ್ತಗಾಗುವುದು, ಅದರ ಮೇಲೆ ತಲೆ ತೂಗುವುದು. ಹೊಸಹೊಳಲಿನ ಮನೆ ಪಾಲಾದ ಮೇಲೆ ಬೀಸುವ ಕಲ್ಲು ಅಲ್ಲೇ ಉಳಿದಿತ್ತು. ಇಲ್ಲಿ ಹಿಟ್ಟು ಮಿಲ್ಲಿನಿಂದ ಬರುತ್ತಿತ್ತು. ಅಜ್ಜಿಯ ಕೈಗೆ ಗೂಟ ಸಿಕ್ಕದೆ ಎಷ್ಟು ಕಾಲವಾಗಿತ್ತೆಂದು ಈ ಮನೆಯಲ್ಲಿ ಯಾರೂ ಯೋಚಿಸಿರಲಿಲ್ಲ. ಒಂದು ಕೆಲಸ ತಪ್ಪಿತೆಂದು ಎಲ್ಲರಿಗೂ ಸಂತೋಷವೇ ಆಗಿತ್ತು.

“ಅಜ್ಜಿ, ಈ ಪದ ಬೀಸೋವಾಗ್ಲೇ ಅಲ್ವಾ ನೀನು ಹೇಳ್ತಿದ್ದದ್ದು? ಯಾವಾಗ್ಲೂ?”

“ಮತ್ತಿನ್ಯಾವಾಗ? ಸುಮ್‌ಸುಮ್ನೆ ಕೂತ್ಕಂಡು ಯಾರು ಹೇಳ್ತಾರೆ ಪದವ,” ಎಂದು ಅಜ್ಜಿ ತನ್ನ ಮುಷ್ಟಿಯ ಕಡೆ ನೋಡಿದಳು. ನೋಡಿದ ಕೂಡಲೇ ಅದು ನಿಂತಿತು. ಅಜ್ಜಿ ಅದನ್ನು ತಿರುಗಿಸಿ ಮುರುಗಿಸಿ, ತನ್ನದೋ ಅಲ್ಲವೋ ಎನ್ನುವ ಹಾಗೆ ನೋಡಿಕೊಂಡಳು. ಆಮೇಲೆ ಗೋಡೆಯನ್ನು ಬಿಟ್ಟು, ಸೀರೆಯ ನೆರಿಗೆ ಎತ್ತಿಕೊಂಡು, ಕೂತಲ್ಲಿಂದಲೇ ಸರಿಯುತ್ತ ಬಂದು ಪೆಟ್ಟಿಗೆಯ ಆಚೆ ಬದಿಗೆ, ಮೊಮ್ಮಗಳಿಗೆ ಎದುರಾಗಿ ಕೂತಳು. ಒಂದು ಕಾಲು ಚಾಚಿ, ಇನ್ನೊಂದು ಮಡಿಸಿ. ಬೀಸುವ ಕಲ್ಲಿನ ಎರಡು ಕಡೆ ಇಬ್ಬರು ಹೆಂಗಸರು ಕೂರುವ ರೀತಿ ಅದು. ಒಂದೇ ಗೂಟ, ಎರಡು ಕೈ. ಒಬ್ಬಳು ದೂಡುವಾಗ ಇನ್ನೊಬ್ಬಳು ಎಳೆಯಬೇಕು. ಇಬ್ಬರೂ ದೂಡಿದರೆ ಕಲ್ಲು ನಿಲ್ಲುತ್ತದೆ.

“ಇಡ್ಕೊ ನಿನ್ ಬಾಚ್ಣಿಗೆ ಚೂರ,” ಎಂದು ಅಜ್ಜಿ ರಂಜಿತಳ ಬಲಗೈಯ ಮಣಿಕಟ್ಟನ್ನು ಹಿಡಿದಳು. ಒರಟು, ಒಣಗಿದ, ಬೆಚ್ಚನೆಯ ಹಿಡಿತ. “ನೀನು ಮೇಲೆ ಕೆಳಗೆ ಕುಟ್ತಾ ಇದೀಯ. ಇದು ಒನಕೆ ಅಲ್ಲ ಕಣವ್ವ. ಸುತ್ತು ಬರ್ಬೇಕು.”

ಸುತ್ತು ಬಂತು. ಅಜ್ಜಿ ದೂಡಿದಾಗ ಚೂರು ತಂತಿಗಳ ಮೇಲೆ ಭಾರವಾಗಿ ಉಜ್ಜಿ ಹೋಯಿತು. ರಂಜಿತ ತಿರುಗಿ ತಂದಾಗ ಅವನ್ನು ಮುಟ್ಟಿಯೂ ಮುಟ್ಟದ ಹಾಗೆ ಸವರಿ ಬಂತು. ಭಾರ, ಹಗುರ. ಎಲ್ಲ ಅಕ್ಷರಕ್ಕೂ ಒಂದೇ ಬಲ ಎಂದು ಕಲಿತ ಕೈ ಮೊದಲು ತಡವರಿಸಿತು, ಗಟ್ಟಿಯಾಯಿತು. ಅಜ್ಜಿ, ಬುಡು ಬುಡು, ಕಲ್ಲೇ ತಿರುಗ್ತದೆ, ನೀನು ತಿರುಗ್ಸಬ್ಯಾಡ, ಎಂದಳು. ರಂಜಿತ ಬಿಟ್ಟಳು. ಎಡಗೈ ತನ್ನಷ್ಟಕ್ಕೆ ಗುಂಡಿ ಹುಡುಕಿಕೊಂಡಿತು. ಎದುರಿಗಿದ್ದ ಬಾಯಿಂದ, ಮೊದಲು ಗಾಳಿಯ ಹಾಗೆ, ಆಮೇಲೆ ದನಿಯಾಗಿ ಬಂತು.

ದಾರೀಲಿ ಹೋಗೋನೆ, ನೀರಡಿಕೆ ಆದೋನೆ,
ನೇರಳೆ ನೆಳ್ಳೀಗೆ ನಿಲ್ಲಣ್ಣ

ಎನ್ನುವಲ್ಲಿ ಅಜ್ಜಿ ತಡೆದಳು. ರಂಜಿತ ಯಾವಾಗಲೂ ಒಂದು ಹೆಚ್ಚಿನ ಮೀಟು ಹಾಕಿ ತುಂಬುತ್ತಿದ್ದ ಜಾಗ ಅದು. ಅಜ್ಜಿಯ ಎಡಗೈ ಚಾಪೆಯಿಂದ ಎದ್ದು, ಇಲ್ಲದ ಮೊರದಿಂದ ಇಲ್ಲದ ರಾಗಿಯನ್ನು ಹಿಡಿಯಷ್ಟು ತೆಗೆದು, ಇಲ್ಲದ ಕಲ್ಲಿನ ಕಣ್ಣಿಗೆ ಸುರಿಯಿತು. ಅಷ್ಟು ಹೊತ್ತು ಪದ ಕಾಯಬೇಕು. ಸುರಿದು ಮುಗಿದ ಮೇಲೆ ಮುಂದಿನದು. ರಂಜಿತ ತನ್ನ ಎಡಗೈಯನ್ನೂ ಗುಂಡಿಗಳಿಂದ ಮೇಲೆತ್ತಿದಳು; ಯಾವ ಗುಂಡಿಯೂ ಒತ್ತದ ತಂತಿಗಳು ಬರಿದೇ ಗುಂಯ್ ಎಂದು ಮೊರೆದವು. ಮೇಷ್ಟ್ರ ಸ್ಕೇಲು ಅಲ್ಲಿ ಎಲ್ಲೂ ಇರಲಿಲ್ಲ.

ನಿನ ತಂಗಿ
ಊರ ಮಾತೊಂದ ಕೇಳ್ಯಾಳು.

ಅಪ್ಪ ಬೀಡಿ ಆರಿಸಿ ಬಾಗಿಲಿಗೆ ಬಂದು ನಿಂತಿದ್ದ, ಒಳಗೆ ಬಂದರೆ ಏನೋ ಕದಡೀತು ಎನ್ನುವವನಂತೆ. ಅವ್ವ ಅಡಿಗೆಮನೆಯ ಹೊಸ್ತಿಲಿಗೆ ಬಂದು ಕೂತಿದ್ದಳು, ಒಲೆಯ ಮೇಲೆ ಸಾರು ಉಕ್ಕಿ ಚುಂಯ್ ಎಂದರೂ ಎದ್ದು ಹೋಗಲಿಲ್ಲ. ಒಂದು ಸುತ್ತು ಮುಗಿದು ಇನ್ನೊಂದು ಹಿಡಿಯಿತು. ಅಜ್ಜಿಯ ದನಿ ಕೆಲವು ಕಡೆ ಒಡೆಯಿತು, ಕೆಲವು ಕಡೆ ತಂತಿಯೇ ಅದನ್ನು ಎತ್ತಿಕೊಂಡು ಮುಂದೆ ಹೋಯಿತು, ಇನ್ನು ಕೆಲವು ಕಡೆ ರಂಜಿತಳ ಬೆರಳು ಗುಂಡಿ ತಪ್ಪಿದಾಗ ಅಜ್ಜಿಯ ದನಿ ಅಲ್ಲಿ ನಿಂತು ಕಾಯಿತು. ಎಷ್ಟು ಗುಂಡಿ ತಪ್ಪಿದಳೋ ಅವಳು ಲೆಕ್ಕವಿಡಲಿಲ್ಲ. ದೂಡುವುದು ಯಾರು, ಎಳೆಯುವುದು ಯಾರು ಎಂಬುದೂ ಆಮೇಲಾಮೇಲೆ ಅವಳಿಗೆ ಗೊತ್ತಾಗಲಿಲ್ಲ. ಕೊನೆಯ ಸಾಲಿಗೆ ಬಂದಾಗ ಅಜ್ಜಿ ಕೈಯ ಸುತ್ತನ್ನು ನಿಧಾನ ಮಾಡಿದಳು, ಇನ್ನೂ ನಿಧಾನ ಮಾಡಿದಳು. ಊರ ಮಾತು ತಂತಿಗಳ ಮೇಲೆ ಉದ್ದಕ್ಕೆ ಹರಿದು, ತೆಳ್ಳಗಾಗಿ, ಎಲ್ಲಿ ನಿಂತಿತೆಂದು ತಿಳಿಯದ ಹಾಗೆ ನಿಂತಿತು.

ಅಜ್ಜಿ ಮೊಮ್ಮಗಳ ಮಣಿಕಟ್ಟು ಬಿಟ್ಟು, ಎರಡು ಅಂಗೈಗಳನ್ನೂ ಸೆರಗಿಗೆ ಒರೆಸಿಕೊಂಡಳು.

“ಸಾಕು ಕಣವ್ವ,” ಅಂದಳು. “ಹಿಟ್ಟು ನುಣ್ಣಗಾಯ್ತು.”